ಮಹಾನವಮಿಯ ಭೋಜನವೂ ಗರಡಿಯ ಸಾಧನೆಯೂ

ಹಬ್ಬವೆಂದೊಡನೆ ಭೋಜನದ ನೆನಪು ಬರುವುದು ಲೋಕಸಹಜವಾದುದು. ಹೋಳಿಗೆ, ಪಾಯಸ, ಕೋಸಂಬರಿ, ಚಿತ್ರಾನ್ನಗಳಿಲ್ಲದ ಹಬ್ಬವನ್ನು ಕನ್ನಡಿಗರು ಹಬ್ಬವೆಂದೇ ಎಣಿಸುವುದಿಲ್ಲ. ಆದರೆ ಕನ್ನಡ ನಾಡಿನ ದೊಡ್ಡ ಹಬ್ಬವಾದ ಮಹಾನವಮಿಯ ಚರಿತ್ರೆಯನ್ನು ಪರಿಶೀಲಿಸಿದರೆ, ಅದರಲ್ಲಿ ಊಟದ ಜೊತೆಗೆ ದೇಹಶ್ರಮಕ್ಕೂ ಗೌರವದ ಸ್ಥಾನವಿದ್ದಿತೆಂಬುದು ಕಂಡುಬರುತ್ತದೆ. ಈಗಿನ ರಜೆಯ ದಿನಗಳಲ್ಲಿ ಎಲೆಯ ಮೇಲಿನ ಭಕ್ಷ್ಯಗಳು ಹೆಚ್ಚಿ, ಶ್ರಮವು ಅಡಗಿಹೋಗಿರುವುದರಿಂದ, ಹಿಂದಿನವರು ಇವೆರಡನ್ನೂ ಹೇಗೆ ಕೂಡಿಸಿಕೊಂಡಿದ್ದರೆಂಬುದನ್ನು ವಿಚಾರಿಸುವುದು ಉಚಿತವಾಗಿದೆ.

ಈ ವಿಷಯದಲ್ಲಿ ಮೊದಲು ಗಮನಿಸತಕ್ಕ ಗ್ರಂಥವು ಮಾನಸೋಲ್ಲಾಸವು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿನಲ್ಲಿ ಇದನ್ನು ಸಂಸ್ಕೃತದಲ್ಲಿ ರಚಿಸಿದನು. ಐದು ವಿಂಶತಿಗಳಾಗಿ, ಒಟ್ಟು ನೂರು ಅಧ್ಯಾಯಗಳುಳ್ಳ ಈ ಗ್ರಂಥದಲ್ಲಿ ಅನ್ನಭೋಗವೆಂಬ ಪ್ರಕರಣವಿರುವಂತೆಯೇ ಮಲ್ಲವಿನೋದವೆಂಬ ಪ್ರಕರಣವೂ ಇರುವುದು. ಅನ್ನಭೋಗದಲ್ಲಿ ಉದ್ದಿನಿಂದ ಮಾಡುವ ಇಡ್ಡರಿಕೆ, ಧೋಸಕ, ಮಂಡಕ ಮೊದಲಾದ ಭಕ್ಷ್ಯಗಳು ವರ್ಣಿತವಾಗಿವೆ. ಇಂದಿನ ಇಡ್ಡಲಿ, ದೋಸೆ, ಮಂಡಿಗೆಗಳ ಪೂರ್ವಜರನ್ನು ವಾಚಕರು ಇವುಗಳಲ್ಲಿ ಸುಲಭವಾಗಿ ಗುರುತಿಸಬಹುದು. ಮಲ್ಲವಿನೋದದಲ್ಲಾದರೋ ಜಟ್ಟಿಗಳನ್ನು ಯೋಗ್ಯತಾನುಸಾರವಾಗಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲರೆಂದು ವಿಂಗಡಿಸಿ, ಭಾರವನ್ನೆತ್ತುವುದು, ನಡೆಯುವುದು, ಈಜುವುದು, ಕಂಬವನ್ನು ಹಿಡಿದು ಸಾಧಿಸುವುದು ಎಂಬಿವೇ ಮೊದಲಾದ ಶ್ರಮಗಳನ್ನು ವಿಧಿಸಿದೆ. ರುಚಿಯನ್ನು ಇಷ್ಟು ಸೂಕ್ಷ್ಮವಾಗಿ ಬಲ್ಲ ರಾಜನು ಬೆವರನ್ನೂ ವಿನೋದಗಳ ಸಾಲಿನಲ್ಲಿಯೇ ಸೇರಿಸಿದನೆಂಬುದು ಮನನೀಯವಾದುದು.

ಸುಮಾರು ನಾಲ್ಕು ಶತಮಾನಗಳ ತರುವಾಯ ವಿಜಯನಗರದಲ್ಲಿಯೂ ಇದೇ ಮನೋಧರ್ಮವು ಕಾಣುತ್ತದೆ. ೧೫೦೯ರಿಂದ ೧೫೨೯ರ ವರೆಗೆ ಆಳಿದ ಕೃಷ್ಣದೇವರಾಯನ ಕಾಲದಲ್ಲಿ, ೧೫೨೦ರ ಸುಮಾರಿಗೆ ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿಯಾದ ಡೊಮಿಂಗೊ ಪಾಯೆಸನು ಒಂಬತ್ತು ದಿನಗಳ ಮಹೋತ್ಸವವನ್ನು ಕಣ್ಣಾರೆ ಕಂಡು ಬರೆದಿಟ್ಟಿರುವನು. ಆ ಉತ್ಸವದಲ್ಲಿ ನರ್ತನ, ಬಾಣಬಿರುಸು, ಆನೆ ಕುದುರೆಗಳ ವೈಭವಗಳೊಡನೆ ಮಲ್ಲಯುದ್ಧವೂ ನಡೆಯುತ್ತಿದ್ದಿತು. ಜಟ್ಟಿಗಳ ಹೊಡೆತಗಳು ಹಲ್ಲು ಮುರಿಯುವಷ್ಟು ಕಠಿನವಾಗಿದ್ದುವೆಂದೂ, ಸಮಬಲರನ್ನೇ ಎದುರುಬದುರಾಗಿ ನಿಲ್ಲಿಸಲು ತೀರ್ಪುಗಾರರಿದ್ದರೆಂದೂ ಆತನು ಹೇಳುತ್ತಾನೆ.

ಇದಕ್ಕಿಂತಲೂ ಮುಖ್ಯವಾದುದು ರಾಜನ ದಿನಚರಿಯ ವರ್ಣನೆ. ಕೃಷ್ಣದೇವರಾಯನು ಪ್ರತಿದಿನವೂ ಬೆಳಗಾಗುವುದಕ್ಕೆ ಮುಂಚೆಯೇ ಮುಕ್ಕಾಲು ಪೈಂಟಿನಷ್ಟು ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದೇ ಎಣ್ಣೆಯನ್ನು ಬಳಿದುಕೊಂಡು, ಮಣ್ಣಿನ ದೊಡ್ಡ ಗುಂಡುಗಳನ್ನು ತೋಳುಗಳಿಂದೆತ್ತಿ, ಬಳಿಕ ಖಡ್ಗವನ್ನು ಹಿಡಿದು, ಎಣ್ಣೆಯೆಲ್ಲವೂ ಬೆವರಾಗಿ ಹರಿದುಹೋಗುವವರೆಗೆ ಸಾಧನೆ ಮಾಡುತ್ತಿದ್ದನು. ಅನಂತರ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಹೋರಾಡಿ, ಕುದುರೆಯನ್ನೇರಿ ಬೆಳಗಾಗುವವರೆಗೂ ಬಯಲಿನಲ್ಲಿ ಓಡಾಡಿಸಿ, ಆಮೇಲೆ ಸ್ನಾನಕ್ಕೆ ತೆರಳುತ್ತಿದ್ದನು. ಉಂಡ ಸ್ನೇಹವನ್ನು ಬೆವರಿನಿಂದ ತೀರಿಸಿದಲ್ಲದೆ ದಿನವನ್ನು ಆರಂಭಿಸದ ಈ ನಿಯಮವು, ಸಾಮ್ರಾಜ್ಯವನ್ನು ಆಳುವವನಿಗೂ ವಿನಾಯಿತಿಯಿರಲಿಲ್ಲವೆಂಬುದನ್ನು ತೋರಿಸುತ್ತದೆ.

ವಿಜಯನಗರದ ವೈಭವವು ಅಳಿದ ಮೇಲೆ, ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ಉತ್ಸವವನ್ನು ನೆಲೆಗೊಳಿಸಿದರು. ೧೭೯೯ರ ತರುವಾಯ ಅದು ಮೈಸೂರಿನಲ್ಲಿ ಬೇರೂರಿತು. ಅಲ್ಲಿಯೂ ಮಲ್ಲವಿದ್ಯೆಯು ಉತ್ಸವದ ಅಂಗವಾಗಿಯೇ ಉಳಿಯಿತು. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ, ತಲೆಯನ್ನು ಬೋಳಿಸಿಕೊಂಡ ಜಟ್ಟಿಗಳಲ್ಲಿ ಒಬ್ಬನ ನೆತ್ತರು ಕಂಡೊಡನೆಯೇ ಕಾಳಗವು ಮುಗಿಯುತ್ತದೆ. ಹಬ್ಬದ ಒಂದು ಕ್ಷಣದ ಈ ಪ್ರದರ್ಶನಕ್ಕೆ ಹಿಂದೆ ಗರಡಿಯ ಕೆಮ್ಮಣ್ಣಿನಲ್ಲಿ ಕಳೆದ ಬಹುದಿನಗಳ ಸಾಧನೆಯಿರುವುದೆಂಬುದನ್ನು ಮರೆಯಲಾಗದು.

ಎಲ್ಲರೂ ಜಟ್ಟಿಗಳಾಗಬೇಕಾದುದಿಲ್ಲ; ಕೃಷ್ಣದೇವರಾಯನ ಎಣ್ಣೆಯ ಅಳತೆಯು ಗೃಹಸ್ಥರಿಗೆ ಅನುಕರಣೀಯವೂ ಅಲ್ಲ. ಸಾಮಾನ್ಯ ಜನರ ಪ್ರಮಾಣವನ್ನು ವೈದ್ಯಗ್ರಂಥಗಳಲ್ಲಿ ಹುಡುಕಬೇಕು. ಅಷ್ಟಾಂಗಹೃದಯವನ್ನು ರಚಿಸಿದ ವಾಗ್ಭಟನು ಹೊಟ್ಟೆಯನ್ನು ನಾಲ್ಕು ಭಾಗಗಳಾಗಿ ಎಣಿಸಿ, ಎರಡನ್ನು ಅನ್ನದಿಂದಲೂ ಒಂದನ್ನು ದ್ರವದಿಂದಲೂ ತುಂಬಿ, ನಾಲ್ಕನೆಯದನ್ನು ವಾಯುವಿಗೆ ಬಿಡಬೇಕೆನ್ನುತ್ತಾನೆ. ಗುರುವಾದ ಪದಾರ್ಥಗಳನ್ನು ಅರ್ಧ ತೃಪ್ತಿಯಾಗುವಷ್ಟು ಮಾತ್ರ, ಲಘುವಾದವುಗಳನ್ನು ಅತಿತೃಪ್ತಿಯಾಗದಂತೆ ಸೇವಿಸಬೇಕೆಂಬುದು ಆತನ ಮತ. ಹೋಳಿಗೆಯನ್ನು ಆತನು ನಿಷೇಧಿಸಲಿಲ್ಲ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಹೇಳಿದನು.

ನವರಾತ್ರಿಯು ಬರುವುದು ಶರದೃತುವಿನಲ್ಲಿ. ಮಳೆಗಾಲದ ತಂಪಿನ ಮೇಲೆ ಬಿಸಿಲು ಬಿದ್ದು ಪಿತ್ತವು ಕೆರಳುವ ಕಾಲವಿದೆಂದು ಎಣಿಸಿ, ಹಸಿದಾಗ ಮಾತ್ರ ಲಘುವಾದ ಅನ್ನವನ್ನು ಉಣ್ಣಬೇಕೆಂದೂ, ಕಂಠಪೂರ್ತಿ ಊಟ, ಮೊಸರು, ಎಣ್ಣೆ, ಹಗಲುನಿದ್ರೆಗಳನ್ನು ಬಿಡಬೇಕೆಂದೂ ಅದೇ ಗ್ರಂಥವು ವಿಧಿಸುತ್ತದೆ. ಹಬ್ಬದ ಮಧ್ಯಾಹ್ನದಲ್ಲಿ ಸಾಮಾನ್ಯವಾಗಿ ನಡೆಯುವುದೆಲ್ಲವೂ ಈ ನಿಷೇಧದ ಪಟ್ಟಿಯಲ್ಲಿಯೇ ಇರುವುದನ್ನು ಕಂಡರೆ, ನವರಾತ್ರಿಯಲ್ಲಿ ಅನೇಕರು ಉಪವಾಸ, ಏಕಭುಕ್ತಗಳನ್ನು ಆಚರಿಸುವುದರ ಔಚಿತ್ಯವು ತಾನಾಗಿ ಹೊಳೆಯುತ್ತದೆ.

ವ್ಯಾಯಾಮಕ್ಕೂ ಇಂತಹುದೇ ಮೇರೆಯುಂಟು. ಬಲವುಳ್ಳವರೂ ಸ್ನಿಗ್ಧಾಹಾರಿಗಳೂ ಆದವರು ಚಳಿಗಾಲದಲ್ಲಿಯೂ ವಸಂತದಲ್ಲಿಯೂ ತಮ್ಮ ಅರ್ಧಶಕ್ತಿಯಷ್ಟು ವ್ಯಾಯಾಮವನ್ನು ಮಾಡಬೇಕು. ಇತರ ಕಾಲಗಳಲ್ಲಿ ಇನ್ನೂ ಮೆಲ್ಲಗೆ ಮಾಡಬೇಕು. ಶಕ್ತಿ ಮೀರಿ ಶ್ರಮಿಸುವವನು ಆನೆಯನ್ನು ಎಳೆಯಹೊರಟ ಸಿಂಹದಂತೆ ನಾಶವಾಗುವನು. ಬಾಲಕರೂ ವೃದ್ಧರೂ ಮಾತ್ರವಲ್ಲದೆ ಅಜೀರ್ಣವುಳ್ಳವನೂ ವ್ಯಾಯಾಮವನ್ನು ಬಿಡತಕ್ಕುದೆಂದು ವಾಗ್ಭಟನು ಹೇಳಿರುವ ಮಾತು ಇಲ್ಲಿ ಬಹು ಮುಖ್ಯವಾದುದು. ಮೂರು ದಿನ ಮಿತಿಮೀರಿ ಉಂಡು, ನಾಲ್ಕನೆಯ ದಿನ ಮಿತಿಮೀರಿ ಓಡಿ ಪ್ರಾಯಶ್ಚಿತ್ತ ಮಾಡಿಕೊಳ್ಳಬಹುದೆಂಬ ಎಣಿಕೆಗೆ ಶಾಸ್ತ್ರದ ಸಮ್ಮತಿಯಿಲ್ಲ. ಶ್ರಮವು ಊಟದ ದಂಡವಲ್ಲ. ಊಟಕ್ಕೆ ಮುಂಚಿನ ಸಿದ್ಧತೆ.

ಈ ನಿಯಮವನ್ನು ಮೀರಿದುದರ ಫಲವನ್ನೂ ಪ್ರಾಚೀನರು ಬಲ್ಲವರಾಗಿದ್ದರು. ಮಧುಮೇಹವನ್ನು ಒಳಗೊಂಡ ಪ್ರಮೇಹ ರೋಗಗಳಿಗೆ ಕಾರಣಗಳನ್ನು ಎಣಿಸುವಾಗ ಚರಕಸಂಹಿತೆಯು ಮೊದಲು ಹೇಳುವುದು ಕುಳಿತಿರುವ ಸುಖವನ್ನೂ ನಿದ್ರೆಯ ಸುಖವನ್ನೂ. ಆಮೇಲೆ ಮೊಸರು, ಹಾಲು, ಹೊಸ ಧಾನ್ಯ, ಬೆಲ್ಲದ ಭಕ್ಷ್ಯಗಳನ್ನು. ಆಹಾರಕ್ಕಿಂತ ಮುಂಚೆ ಆಲಸ್ಯವು ಎಣಿಕೆಗೆ ಬಂದಿರುವುದು ಗಮನಾರ್ಹವಾಗಿದೆ. ಸುಶ್ರುತಸಂಹಿತೆಯು ಬಡವನಾದ ಪ್ರಮೇಹಿಗೆ, ಪಾದರಕ್ಷೆಯೂ ಕೊಡೆಯೂ ಇಲ್ಲದೆ, ಒಂದೊಂದು ಗ್ರಾಮದಲ್ಲಿ ಒಂದೊಂದು ರಾತ್ರಿ ತಂಗುತ್ತ, ನೂರು ಯೋಜನಕ್ಕೂ ಮಿಗಿಲಾಗಿ ನಡೆಯಬೇಕೆಂದೂ, ಬಾವಿ ತೋಡುವಂತಹ ಕೆಲಸವನ್ನು ಮಾಡಬೇಕೆಂದೂ ಹೇಳುತ್ತದೆ. ಇಂದು ಈ ರೋಗವು ಮನೆಮನೆಯ ಮಾತಾಗಿರುವಾಗ, ಈ ಪಂಕ್ತಿಗಳು ಹಳೆಯ ತಾಳೆಗರಿಯ ಮಾತುಗಳೆಂದು ತೋರುವುದಿಲ್ಲ.

ಗೃಹಕೃತ್ಯದ ಕಡೆಯಿಂದ ನೋಡಿದರೂ ಇದೇ ತತ್ತ್ವವು ಸಿದ್ಧಿಸುತ್ತದೆ. ಹಿಂದಿನ ಕಾಲದಲ್ಲಿ ಹೋಳಿಗೆಯು ಎಲೆಗೆ ಬೀಳುವುದಕ್ಕೆ ಮುಂಚೆ ಒನಕೆ, ಬೀಸುಕಲ್ಲು, ಒರಳು, ಬಾವಿಯ ಹಗ್ಗಗಳ ದುಡಿಮೆಯು ನಡೆದಿರಬೇಕಾಗಿದ್ದಿತು. ಆ ಶ್ರಮದ ಭಾರವೆಲ್ಲವೂ ಬಹುಮಟ್ಟಿಗೆ ಹೆಂಗಸರ ಮೇಲೆಯೇ ಬೀಳುತ್ತಿದ್ದುದು ನ್ಯಾಯವಾಗಿರಲಿಲ್ಲ. ಯಂತ್ರಗಳು ಆ ಕಷ್ಟವನ್ನು ಕಳೆದುದು ಒಳ್ಳೆಯದೇ ಆಯಿತು. ಆದರೆ ಯಂತ್ರವು ಹಿಟ್ಟನ್ನು ಬೀಸಬಲ್ಲುದು. ಉಂಡವನ ಅನ್ನವನ್ನು ಅರಗಿಸಲಾರದು. ಉಳಿದ ಹೊತ್ತನ್ನು ಮನೆಮಂದಿಯೆಲ್ಲರೂ ಯಾವ ಶ್ರಮಕ್ಕೆ ವಿನಿಯೋಗಿಸುವರೆಂಬುದೇ ಈಗಿನ ಪ್ರಶ್ನೆ.

ಇದಕ್ಕೆ ಉತ್ತರವು ಹಬ್ಬದಲ್ಲಿಯೇ ಅಡಗಿದೆ. ವಿಜಯದಶಮಿಯ ಸಂಜೆ ಸೀಮೋಲ್ಲಂಘನವೆಂದು ಊರ ಎಲ್ಲೆಯನ್ನು ದಾಟಿ, ಬನ್ನಿಯ ಮರವನ್ನು ಪೂಜಿಸಿ, ಅದರ ಎಲೆಯನ್ನು ಬಂಧುಮಿತ್ರರಿಗೆ ಹಂಚಿ ಬರುವ ಪದ್ಧತಿಯು ಕನ್ನಡ ನಾಡಿನಲ್ಲಿ ಇಂದಿಗೂ ಅಳಿದಿಲ್ಲ. ಅದಕ್ಕೆ ಅರಮನೆಯ ಗರಡಿ ಬೇಕಿಲ್ಲ, ಜಟ್ಟಿಯ ತೋಳು ಬೇಕಿಲ್ಲ. ಹುಡುಗರಿಂದ ಮುದುಕರವರೆಗೆ ಎಲ್ಲರಿಗೂ ತಕ್ಕ ಅರ್ಧಶಕ್ತಿಯ ಶ್ರಮವದು. ವಾಹನವನ್ನು ಮನೆಯಲ್ಲಿಯೇ ಬಿಟ್ಟು ಆ ದಾರಿಯನ್ನು ಕಾಲ್ನಡಿಗೆಯಲ್ಲಿಯೇ ಕ್ರಮಿಸಿದರೆ, ಮತ್ತು ಹಬ್ಬದ ಇತರ ದಿನಗಳಿಗೂ ಆ ನಡಿಗೆಯನ್ನು ವಿಸ್ತರಿಸಿದರೆ, ಮಹಾನವಮಿಯ ಭೋಜನವು ದೇಹಕ್ಕೆ ಭಾರವಾಗದೆ ಪುಷ್ಟಿಯಾಗಿ ಪರಿಣಮಿಸುವುದು.