ಮಾತ್ರೆ ಡಬ್ಬಿಯ ಮೇಲಿನ ಆ ಎಚ್ಚರಿಕೆಯ ಸಾಲು

ಮಗುವಿನ ಮೈ ಬಿಸಿಯಾದರೆ ಇವತ್ತು ನಾವೆಲ್ಲ ಮೊದಲು ಹುಡುಕುವುದು ಪ್ಯಾರಾಸಿಟಮಾಲ್ ಸಿರಪ್ಪನ್ನು. ನಮ್ಮಲ್ಲಿ ನಲವತ್ತು ದಾಟಿದವರು ಚಿಕ್ಕವರಿದ್ದಾಗ ಊರಿನ ಕಿರಾಣಿ ಅಂಗಡಿಯಲ್ಲೇ ಅನಾಸಿನ್, ಆಸ್ಪ್ರೊ ಸಿಗುತ್ತಿದ್ದವು. ಮಾತ್ರೆ ಅರ್ಧ ಮುರಿದು, ಜೇನುತುಪ್ಪದಲ್ಲಿ ಅರೆದು ನೆಕ್ಕಿಸುತ್ತಿದ್ದ ಅಜ್ಜಿಯರೂ ಇದ್ದರು. ಈಗ ಆಸ್ಪಿರಿನ್ ಇರುವ ಡಬ್ಬಿಯ ಮೇಲೆ ಮಕ್ಕಳಿಗೆ ಕೊಡಬೇಡಿ ಎಂಬ ಸೂಚನೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಔಷಧ ವಿಭಾಗದಲ್ಲಿ ಕೆಲಸ ಮಾಡುವ ನಮಗೆ ಅದು ದಿನವೂ ಕಣ್ಣಿಗೆ ಬೀಳುವ ಸಾಲು. ಅದರ ಹಿಂದಿನ ಕಥೆ ಅಮೆರಿಕದ ಉತ್ತರ ಕೆರೊಲಿನಾ, ಅಟ್ಲಾಂಟಾ ಮತ್ತು ವಾಷಿಂಗ್ಟನ್‌ಗಳಲ್ಲಿ ಇಪ್ಪತ್ತನಾಲ್ಕು ವರ್ಷ ನಡೆಯಿತು.

1962ರಲ್ಲಿ ಉತ್ತರ ಕೆರೊಲಿನಾದಲ್ಲಿ ಇನ್‌ಫ್ಲುಯೆಂಜಾ ಬಿ ಜ್ವರ ಹರಡಿತ್ತು. ಅದೇ ಹೊತ್ತಿನಲ್ಲಿ ಮಿದುಳು ಜ್ವರದಂತೆ ಕಾಣುವ ಕಾಯಿಲೆಯಿಂದ ಆ ರಾಜ್ಯದ 16 ಮಕ್ಕಳು ತೀರಿಕೊಂಡರು. ಡಾ. ಜಾರ್ಜ್ ಜಾನ್ಸನ್ ಮತ್ತು ಸಂಗಡಿಗರು ಇದನ್ನು 1963ರಲ್ಲಿ ರಾಜ್ಯದ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಅದೇ ವರ್ಷ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಡಾ. ಡಗ್ಲಸ್ ರೈ 21 ಮಕ್ಕಳ ವಿವರವನ್ನು ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದರು. ಅವರಲ್ಲಿ 17 ಮಕ್ಕಳು ಉಳಿದಿರಲಿಲ್ಲ. ಲ್ಯಾನ್ಸೆಟ್ ಜಗತ್ತೆಲ್ಲ ಓದುವ ಪತ್ರಿಕೆ, ಆದ್ದರಿಂದ ಕಾಯಿಲೆಗೆ ರೈ ಸಿಂಡ್ರೋಮ್ ಎಂಬ ಹೆಸರು ನಿಂತಿತು. ಕೆಲವರು ಮಾತ್ರ ರೈ-ಜಾನ್ಸನ್ ಎಂದು ಎರಡೂ ಹೆಸರು ಹೇಳುತ್ತಾರೆ. ಕೆರೊಲಿನಾದವರಿಗೆ ಸಲ್ಲಬೇಕಾದ ಪಾಲು ಅದು ಎಂದು ನಮಗೂ ಅನಿಸುತ್ತದೆ.

ಈ ಕಾಯಿಲೆ ತಂದೆತಾಯಿಯನ್ನು ಮೋಸ ಮಾಡುವ ರೀತಿ ವಿಚಿತ್ರ. ಫ್ಲೂ ಜ್ವರವೋ, ಹಿರಿಯರು ‘ಅಮ್ಮ’ ಎನ್ನುವ ಚಿಕನ್‌ಪಾಕ್ಸೋ ಬಂದು ಮಗು ಚೇತರಿಸಿಕೊಳ್ಳುತ್ತಿರುತ್ತದೆ. ಮನೆಯವರು ಉಸ್ಸಪ್ಪ ಎನ್ನುವಷ್ಟರಲ್ಲಿ ವಾಂತಿ ಶುರುವಾಗಿ ನಿಲ್ಲುವುದೇ ಇಲ್ಲ. ಆಮೇಲೆ ಮಂಪರು, ಇಲ್ಲವೇ ಕಾರಣವಿಲ್ಲದ ರೇಗಾಟ, ತಾಯಿಯನ್ನೂ ಗುರುತಿಸದ ಗೊಂದಲ. ಒಳಗೆ ಯಕೃತ್ತಿನಲ್ಲಿ ಕೊಬ್ಬು ತುಂಬಿ, ರಕ್ತದಲ್ಲಿ ಅಮೋನಿಯ ಏರಿ, ಮಿದುಳು ಊದಿಕೊಳ್ಳುತ್ತಿರುತ್ತದೆ. ಕಣ್ಣು ಹಳದಿಯಾಗುವುದು ಕಡಿಮೆ, ಹಾಗಾಗಿ ಯಕೃತ್ತಿನ ಕಡೆಗೆ ಯಾರ ಅನುಮಾನವೂ ಹೋಗುತ್ತಿರಲಿಲ್ಲ.

ಆಸ್ಪಿರಿನ್ ಮೇಲೆ ಗಟ್ಟಿ ಸಂಶಯ ಬರಲು ಹದಿನೇಳು ವರ್ಷ ಬೇಕಾಯಿತು. ಅರಿಜೋನಾದಲ್ಲಿ ಡಾ. ಕ್ಯಾರನ್ ಸ್ಟಾರ್ಕೊ ಮಾಡಿದ ಸಣ್ಣ ಅಧ್ಯಯನ 1980ರಲ್ಲಿ ಹೊರಬಂತು. ರೈ ಕಾಯಿಲೆಯ ಏಳು ಮಕ್ಕಳು, ಅದೇ ಫ್ಲೂ ಬಂದು ಸುಮ್ಮನೆ ವಾಸಿಯಾದ ಅವರ 16 ಸಹಪಾಠಿಗಳು. ಏಳಕ್ಕೆ ಏಳೂ ಮಕ್ಕಳು ಆಸ್ಪಿರಿನ್ ಜಾತಿಯ ಔಷಧ ತೆಗೆದುಕೊಂಡಿದ್ದರು; ಸಹಪಾಠಿಗಳಲ್ಲಿ ಎಂಟು ಮಂದಿ ಮಾತ್ರ. ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಆ ವರ್ಷದ ನವೆಂಬರ್‌ನಲ್ಲಿ ಇಂಥ ಅಧ್ಯಯನಗಳನ್ನು ತನ್ನ ವಾರಪತ್ರಿಕೆಯಲ್ಲಿ ವೈದ್ಯರ ಮುಂದಿಟ್ಟಿತು. 1979-80ರಲ್ಲಿ ದೇಶದಾದ್ಯಂತ 555 ಮಕ್ಕಳ ಪ್ರಕರಣಗಳು ಅಟ್ಲಾಂಟಾಕ್ಕೆ ವರದಿಯಾಗಿದ್ದವು.

ಇಲ್ಲಿಂದ ಕಥೆ ವಾಷಿಂಗ್ಟನ್‌ಗೆ ಹೋಗಿ ಸಿಕ್ಕಿಹಾಕಿಕೊಂಡಿತು. 1982ರ ಜೂನ್‌ನಲ್ಲಿ ಸರ್ಜನ್ ಜನರಲ್ ತಂದೆತಾಯಿಗೆ ಎಚ್ಚರಿಕೆ ಕೊಟ್ಟರು. ಡಬ್ಬಿಯ ಮೇಲೂ ಎಚ್ಚರಿಕೆ ಮುದ್ರಿಸಬೇಕೆಂದು ಆರೋಗ್ಯ ಇಲಾಖೆ ಹೊರಟಿತು. ಸಾಕ್ಷ್ಯ ಸಾಲದು ಎಂದು ಆಸ್ಪಿರಿನ್ ಉದ್ಯಮ ತಕರಾರು ತೆಗೆಯಿತು. ನವೆಂಬರ್ ಹೊತ್ತಿಗೆ ಇಲಾಖೆ ಹಿಂದೆ ಸರಿಯಿತು. ವಾಷಿಂಗ್ಟನ್ನಿನದೇ ಆದ ಪಬ್ಲಿಕ್ ಸಿಟಿಜನ್ ಎಂಬ ಗ್ರಾಹಕ ಸಂಸ್ಥೆ ಕೋರ್ಟಿಗೆ ಹೋಯಿತು. 1985ರ ಆರಂಭದಲ್ಲಿ ಸರ್ಕಾರದ್ದೇ ಅಧ್ಯಯನದ ಫಲಿತಾಂಶ ಬಂತು: ಕಾಯಿಲೆಯ 30 ಮಕ್ಕಳಲ್ಲಿ 28 ಮಂದಿ ಆಸ್ಪಿರಿನ್ ಜಾತಿಯ ಔಷಧ ತೆಗೆದುಕೊಂಡಿದ್ದರೆ, ಹೋಲಿಕೆಗೆ ಇಟ್ಟುಕೊಂಡ 145 ಮಕ್ಕಳಲ್ಲಿ 66 ಮಂದಿ. ಎಚ್ಚರಿಕೆ ಕಡ್ಡಾಯವಾದದ್ದು 1986ರಲ್ಲಿ. ಅದೇ ವರ್ಷ ಬ್ರಿಟನ್ ಕೂಡ 12 ವರ್ಷದೊಳಗಿನವರಿಗೆ ಆಸ್ಪಿರಿನ್ ಬೇಡವೆಂದಿತು. 2002ರಲ್ಲಿ ಆ ಮಿತಿಯನ್ನು 16ಕ್ಕೆ ಏರಿಸಿತು.

ಒಂದು ಸಾಲು ಮುದ್ರಿಸಲು ನಾಲ್ಕು ವರ್ಷ! ಆ ನಡುವೆ ಹೋದ ಮಕ್ಕಳ ಲೆಕ್ಕವನ್ನು ಯಾವ ಕೋರ್ಟೂ ಚುಕ್ತಾ ಮಾಡಲಾರದು. ಆದರೆ ಸಾಲು ಅಚ್ಚಾಗುವ ಮೊದಲೇ ಸುದ್ದಿ ಮಕ್ಕಳ ವೈದ್ಯರು, ಫಾರ್ಮಸಿಸ್ಟರು, ಪತ್ರಿಕೆಗಳ ಮೂಲಕ ಮನೆಗಳಿಗೆ ತಲುಪಿತ್ತು, ಪ್ರಕರಣಗಳೂ ಇಳಿಯತೊಡಗಿದ್ದವು. 1987ರಿಂದ 1997ರವರೆಗೆ ಅಮೆರಿಕದಲ್ಲಿ ಯಾವ ವರ್ಷವೂ ಪ್ರಕರಣಗಳು 36ನ್ನು ಮೀರಲಿಲ್ಲ. ರೈ ಎಂದು ಬರೆದುಕೊಂಡಿದ್ದ ಕೆಲವು ಹಳೆಯ ಪ್ರಕರಣಗಳು ಹುಟ್ಟಿನಿಂದಲೇ ಬರುವ ಚಯಾಪಚಯ ದೋಷಗಳಾಗಿದ್ದವು ಎಂದು ಆಮೇಲೆ ತಿಳಿಯಿತು. ಈ ಇಳಿಕೆಯಲ್ಲಿ ಅದಕ್ಕೂ ಒಂದಿಷ್ಟು ಪಾಲಿದೆ. ಆದರೆ ಇಷ್ಟು ದೊಡ್ಡ ಕುಸಿತಕ್ಕೆ ಅದೊಂದೇ ಕಾರಣವೆಂದು ನಾವು ಒಪ್ಪುವುದಿಲ್ಲ.

ಕೊಲ್ಲಿಯ ನಮ್ಮ ಮನೆಗಳಿಗೆ ಇದರಲ್ಲಿ ಏನಿದೆ ಎಂದು ಕೇಳಬಹುದು. ರಜೆಗೆ ಊರಿಗೆ ಹೋಗಿ ಬರುವಾಗ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ಹಪ್ಪಳದ ಜೊತೆಗೆ ಔಷಧಿ ಚೀಲವೂ ಬರುತ್ತದೆ. ಅದರಲ್ಲಿ ಅಜ್ಜನ ತಲೆನೋವಿಗೆ ತಂದ ಡಿಸ್ಪ್ರಿನ್ ಇದ್ದರೆ ಅದು ಆಸ್ಪಿರಿನ್ನೇ. ಊರಿನಲ್ಲಿ ಡೆಂಗಿ ಕಾಲದಲ್ಲಂತೂ ಅದು ರಕ್ತಸ್ರಾವಕ್ಕೂ ದಾರಿ ಮಾಡಬಹುದು. ಬಾಯಿಹುಣ್ಣು, ಹಲ್ಲು ಬರುವ ನೋವಿಗೆ ವಸಡಿಗೆ ಹಚ್ಚುವ ಕೆಲವು ಜೆಲ್‌ಗಳಲ್ಲೂ ಸ್ಯಾಲಿಸಿಲೇಟ್ ಇರುತ್ತದೆ, ಟ್ಯೂಬಿನ ಮೇಲಿನ ಸಣ್ಣಕ್ಷರ ಓದಿ. ಕವಾಸಾಕಿಯಂಥ ಕೆಲವು ಕಾಯಿಲೆಗಳಿಗೆ ವೈದ್ಯರೇ ಮಗುವಿಗೆ ಆಸ್ಪಿರಿನ್ ಬರೆಯುತ್ತಾರೆ. ಅದನ್ನು ಹೆದರಿ ನೀವಾಗಿಯೇ ನಿಲ್ಲಿಸಬೇಡಿ.

ಪ್ಯಾರಾಸಿಟಮಾಲ್ ವಿಷಯದಲ್ಲಿ ಕೌಂಟರಿನಲ್ಲಿ ನಾವು ದಿನಾ ಹೇಳುವ ಮಾತೊಂದಿದೆ. ಎಲ್ಲ ಬಾಟಲಿಗಳೂ ಒಂದೇ ಅಲ್ಲ. 5 ಮಿಲಿಯಲ್ಲಿ 120 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. ಒಂದು ಸಲಕ್ಕೆ ಕೆಜಿಗೆ 10ರಿಂದ 15 ಮಿಲಿಗ್ರಾಂ ಲೆಕ್ಕ. ಹತ್ತು ಕೆಜಿ ಮಗುವಿಗೆ ಮೊದಲನೆಯದರಲ್ಲಿ 5 ಮಿಲಿ ಸರಿ. ಎರಡನೆಯದರಲ್ಲಿ ಅಷ್ಟೇ ಕುಡಿಸಿದರೆ ಮಿತಿ ಮೀರಿತು, 3 ಮಿಲಿ ಸಾಕು. ಅಡುಗೆಮನೆಯ ಚಮಚ ಬೇಡ, ಬಾಟಲಿಯ ಜೊತೆ ಬರುವ ಸಿರಿಂಜಿನಲ್ಲೇ ಅಳೆಯಿರಿ. ಎರಡು ಡೋಸುಗಳ ನಡುವೆ ಕನಿಷ್ಠ ನಾಲ್ಕು ಗಂಟೆ ಇರಲಿ, ದಿನಕ್ಕೆ ನಾಲ್ಕು ಸಲ ಮೀರಬಾರದು. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಜ್ವರ ಬಂದರೆ ಸಿರಪ್ ಹುಡುಕುತ್ತ ಕೂರದೆ ಆಸ್ಪತ್ರೆಗೆ ಬನ್ನಿ. ಜ್ವರ ಇಳಿದ ಮೇಲೆ ವಾಂತಿ ನಿಲ್ಲದೆ ಮಗು ಮಂಪರಾಗುತ್ತಿದ್ದರೆ ಅರ್ಧರಾತ್ರಿಯಾದರೂ ಹೊರಡಿ, ಬರುವಾಗ ಕುಡಿಸಿದ ಔಷಧಿಯ ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡು ಬನ್ನಿ.