ಫಿಲ್ಮ್ ಕ್ಯಾಮೆರಾ–ಅಂಗೈ ಗಣಕ ಸಂಪರ್ಕ

ಫಿಲ್ಮ್ ಕ್ಯಾಮೆರಾ–ಅಂಗೈ ಗಣಕ ಸಂಪರ್ಕವು ಎಲೆಕ್ಟ್ರಾನಿಕ್ ನಿಯಂತ್ರಣವುಳ್ಳ ಫಿಲ್ಮ್ ಕ್ಯಾಮೆರಾವನ್ನು ಕೇಬಲ್ ಮೂಲಕ ಅಂಗೈಯಲ್ಲಿ ಹಿಡಿಯಬಹುದಾದ ಗಣಕಕ್ಕೆ ಜೋಡಿಸುವ ವ್ಯವಸ್ಥೆಯಾಗಿದೆ. ತೆಗೆದ ಚಿತ್ರಗಳ ತಾಂತ್ರಿಕ ವಿವರಗಳನ್ನು ದಾಖಲಿಸುವುದು ಮತ್ತು ಕ್ಯಾಮೆರಾದ ಕಾರ್ಯಗಳನ್ನು ಬಳಕೆದಾರರ ಅಗತ್ಯಕ್ಕೆ ತಕ್ಕಂತೆ ಬದಲಿಸುವುದು ಇದರ ಉದ್ದೇಶ. ಜಪಾನಿನ ನಿಕಾನ್ ಸಂಸ್ಥೆಯು 1992ರಲ್ಲಿ ಬಿಡುಗಡೆಯಾದ ಎಫ್90 ಕ್ಯಾಮೆರಾಕ್ಕಾಗಿ, ಶಾರ್ಪ್ ಸಂಸ್ಥೆಯ ಎಲೆಕ್ಟ್ರಾನಿಕ್ ಆರ್ಗನೈಸರನ್ನು ಬಳಸಿ ರೂಪಿಸಿದ ‘ಡೇಟಾ ಲಿಂಕ್’ ಇದಕ್ಕೆ ಪ್ರಮುಖ ಉದಾಹರಣೆ.

ಹಿನ್ನೆಲೆ

ಇಂದಿನ ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದ ಕಡತದೊಳಗೇ ಷಟರ್ ವೇಗ, ದ್ಯುತಿರಂಧ್ರದ ಅಳತೆ, ಮಸೂರದ ನಾಭಿದೂರ ಮುಂತಾದ ವಿವರಗಳನ್ನು ಸೇರಿಸುತ್ತದೆ. ಇದಕ್ಕೆ ಆಧಾರವಾದ ಎಕ್ಸಿಫ್ ಮಾನದಂಡದ ಮೊದಲ ಆವೃತ್ತಿ ಬಂದದ್ದು 1995ರಲ್ಲಿ. ಫಿಲ್ಮಿನಲ್ಲಾದರೋ ದೃಶ್ಯ ಮಾತ್ರ ಉಳಿಯುತ್ತದೆ; ಅದನ್ನು ಹೇಗೆ ತೆಗೆಯಲಾಯಿತೆಂಬುದು ಉಳಿಯುವುದಿಲ್ಲ. ಆದ್ದರಿಂದ ಶ್ರದ್ಧೆಯುಳ್ಳ ಛಾಯಾಗ್ರಾಹಕರು ಕಿರುಪುಸ್ತಕದಲ್ಲಿ ವಿವರ ಬರೆದಿಡುತ್ತಿದ್ದರು. ಕ್ಷಣಕ್ಷಣಕ್ಕೂ ಬದಲಾಗುವ ಕ್ರೀಡೆ ಅಥವಾ ವನ್ಯಜೀವಿ ಛಾಯಾಗ್ರಹಣದಲ್ಲಿ ಇದು ಕಷ್ಟಸಾಧ್ಯವಾಗಿತ್ತು.

ಕ್ಯಾನನ್ ಸಂಸ್ಥೆಯ 1986ರ ಟಿ90 ಕ್ಯಾಮೆರಾಕ್ಕೆ ದತ್ತಾಂಶ ಸಂಗ್ರಹಿಸುವ ಹಿಂಬದಿಯ ಮುಚ್ಚಳವೊಂದು ಲಭ್ಯವಿತ್ತು. ಅದರಲ್ಲಿನ ವಿವರಗಳನ್ನು ಎಂಎಸ್‌ಎಕ್ಸ್ ಮಾದರಿಯ ಗೃಹ ಗಣಕಕ್ಕೆ ವರ್ಗಾಯಿಸಬಹುದಾಗಿತ್ತು. ಆದರೆ ಆ ಗಣಕವು ಮೇಜಿನ ಮೇಲೆ ಇರುವಂಥದ್ದು. ಛಾಯಾಗ್ರಾಹಕನ ಜೊತೆಯಲ್ಲಿ ಸಾಗುವಂಥದ್ದಲ್ಲ.

ರಚನೆ

ಡೇಟಾ ಲಿಂಕ್ ವ್ಯವಸ್ಥೆಯಲ್ಲಿ ಮೂರು ಭಾಗಗಳಿದ್ದವು:

1. ಹತ್ತು ಪಿನ್ನುಗಳ ಸಂಪರ್ಕದ್ವಾರವುಳ್ಳ ಕ್ಯಾಮೆರಾ.
2. ಕ್ಯಾಮೆರಾವನ್ನು ಆರ್ಗನೈಸರಿಗೆ ಜೋಡಿಸುವ ಕೇಬಲ್.
3. ಅಮೆರಿಕದಲ್ಲಿ ‘ವಿಝಾರ್ಡ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಶಾರ್ಪ್ ಆರ್ಗನೈಸರ್ ಮತ್ತು ಅದರೊಳಗೆ ತೂರಿಸುವ ತಂತ್ರಾಂಶ ಕಾರ್ಡ್.

ದೂರವಾಣಿ ಸಂಖ್ಯೆ, ಭೇಟಿಯ ವೇಳಾಪಟ್ಟಿ ಮುಂತಾದವನ್ನು ಇಡಲು ತಯಾರಾಗಿದ್ದ ಈ ಆರ್ಗನೈಸರಿಗೆ ಬೇರೆ ಬೇರೆ ಕಾರ್ಡುಗಳನ್ನು ಹಾಕಿ ಹೊಸ ಕೆಲಸಗಳನ್ನು ಕಲಿಸಬಹುದಾಗಿತ್ತು. ನಿಕಾನಿನ ಎಸಿ-1ಇ ಕಾರ್ಡ್ ಇದೇ ಸೌಲಭ್ಯವನ್ನು ಬಳಸಿಕೊಂಡಿತು.

ಕಾರ್ಯವಿಧಾನ

ಕ್ಯಾಮೆರಾ ಮತ್ತು ಗಣಕದ ನಡುವೆ ಮಾಹಿತಿಯು ಸೀರಿಯಲ್ ವಿಧಾನದಲ್ಲಿ, ಎಂದರೆ ಒಂದರ ಹಿಂದೆ ಒಂದು ಬಿಟ್‌ನಂತೆ, ಚಲಿಸುತ್ತದೆ. ಚಿತ್ರ ತೆಗೆದಾಗಿನ ವಿವರಗಳು ಆರ್ಗನೈಸರಿಗೆ ಸಾಗಿ ಅದರ ಪರದೆಯ ಮೇಲೆ ಚಿತ್ರಸಂಖ್ಯೆಯೊಂದಿಗೆ ಕಾಣಿಸುತ್ತಿದ್ದವು. ಹಿಮ್ಮುಖವಾಗಿ ಆಜ್ಞೆಗಳನ್ನು ಕಳುಹಿಸಿ, ಒಂದೇ ದೃಶ್ಯವನ್ನು ಭಿನ್ನ ಬೆಳಕಿನ ಮಟ್ಟಗಳಲ್ಲಿ ತೆಗೆಯುವಂತಹ ಕಾರ್ಯಗಳನ್ನು ಕ್ಯಾಮೆರಾಕ್ಕೆ ಒದಗಿಸಬಹುದಾಗಿತ್ತು.

ಮಿತಿಗಳು

ದಾಖಲೆಯು ಗಣಕದಲ್ಲಿಯೂ ಚಿತ್ರವು ಫಿಲ್ಮಿನಲ್ಲಿಯೂ ಪ್ರತ್ಯೇಕವಾಗಿ ಉಳಿಯುವುದು ಈ ವ್ಯವಸ್ಥೆಯ ಮೂಲಭೂತ ಕೊರತೆ. ರೋಲಿನ ಸಂಖ್ಯೆಯನ್ನು ಡಬ್ಬಿಯ ಮೇಲೆ ಗುರುತಿಸದಿದ್ದರೆ, ಫಿಲ್ಮ್ ಸಂಸ್ಕರಣೆಯಾದ ಬಳಿಕ ಯಾವ ವಿವರ ಯಾವ ನೆಗೆಟಿವ್‌ಗೆ ಸೇರಿದ್ದೆಂದು ತಿಳಿಯುವುದು ಕಷ್ಟ. ಆರ್ಗನೈಸರಿನ ಸ್ಮರಣೆಯು ಬ್ಯಾಟರಿಯನ್ನೇ ಅವಲಂಬಿಸಿದ್ದುದರಿಂದ, ಬೇರೆಡೆಗೆ ನಕಲಿಸಿಕೊಳ್ಳದ ದಾಖಲೆಗಳು ಬ್ಯಾಟರಿ ಮುಗಿದಾಗ ಅಳಿಸಿಹೋಗುತ್ತಿದ್ದವು.

ನಂತರದ ಬೆಳವಣಿಗೆ

1994ರ ಎಫ್90ಎಕ್ಸ್ ಕ್ಯಾಮೆರಾವನ್ನು ವೈಯಕ್ತಿಕ ಗಣಕಕ್ಕೂ ಜೋಡಿಸಬಹುದಾಗಿತ್ತು. 1996ರ ಎಫ್5 ಮತ್ತು 1999ರ ಎಫ್100 ಮಾದರಿಗಳಿಗೆ ‘ಫೋಟೋ ಸೆಕ್ರೆಟರಿ’ ತಂತ್ರಾಂಶ ಬಂದಿತು. ಕ್ಯಾನನ್‌ನ ಇಒಎಸ್-1ವಿ (2000) ಕ್ಯಾಮೆರಾವು 36 ಚಿತ್ರಗಳ 100 ರೋಲುಗಳ ವಿವರವನ್ನು ತನ್ನಲ್ಲಿಯೇ ಇಟ್ಟುಕೊಳ್ಳಬಲ್ಲದಾಗಿದ್ದುದರಿಂದ, ಚಿತ್ರ ತೆಗೆಯುವ ಸ್ಥಳಕ್ಕೆ ಗಣಕವನ್ನು ಒಯ್ಯುವ ಅಗತ್ಯವೇ ತಪ್ಪಿತು.

ಇಂದಿನ ಸ್ಥಿತಿ

ಈ ಕ್ಯಾಮೆರಾಗಳು ಇಂದಿಗೂ ಬಳಕೆಯಲ್ಲಿವೆ. ಆದರೆ ಕಾರ್ಡುಗಳು, ಕೇಬಲ್‌ಗಳು ಮತ್ತು ಹಳೆಯ ತಂತ್ರಾಂಶಗಳು ವಿರಳವಾಗಿವೆ. ಹೊಸ ಗಣಕಗಳಲ್ಲಿ ಸೀರಿಯಲ್ ದ್ವಾರವಿಲ್ಲದಿರುವುದರಿಂದ ಯುಎಸ್‌ಬಿ ಪರಿವರ್ತಕ ಬೇಕಾಗುತ್ತದೆ. ಕ್ಯಾಮೆರಾದ ವಿದ್ಯುತ್ ಸಂಕೇತಗಳ ಮಟ್ಟವು ಸಾಮಾನ್ಯ ಸೀರಿಯಲ್ ದ್ವಾರದ ಮಟ್ಟಕ್ಕಿಂತ ಭಿನ್ನವಾಗಿರುವುದರಿಂದ ಅವುಗಳನ್ನು ನೇರವಾಗಿ ಬೆಸೆಯುವುದು ಕ್ಯಾಮೆರಾಕ್ಕೆ ಹಾನಿಕರ. ನಡುವೆ ಮಟ್ಟ ಹೊಂದಿಸುವ ಮಂಡಲವಿರಬೇಕು. ಯಂತ್ರದಲ್ಲಿ ಉಳಿದ ದಾಖಲೆಯನ್ನು ಓದಲು ಅದಕ್ಕೆ ಹೊಂದುವ ಸಾಧನವೂ ಉಳಿದಿರಬೇಕಾದುದರಿಂದ, ವಿವರಗಳನ್ನು ಕಾಗದದ ಮೇಲೆ ಬರೆದು ನೆಗೆಟಿವ್ ಜೊತೆಯಲ್ಲಿಯೇ ಇಡುವ ಹಳೆಯ ಪದ್ಧತಿಯು ಫಿಲ್ಮ್ ಬಳಸುವವರಲ್ಲಿ ಈಗಲೂ ಮುಂದುವರಿದಿದೆ.