ಪಿಕಪ್ ಗಾಡಿಗೆ ಗಿಡ್ಡ ಆಂಟೆನಾ ಹಾಕಿಸಿದರೆ ರೇಡಿಯೋ ಸರಿಯಾಗಿ ಕೇಳುತ್ತದೆಯೇ?

ಮರದ ಕೊಂಬೆಗೆ ತಗಲುತ್ತದೆ, ಟಾರ್ಪಾಲಿನ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ ಎಂದು ಹಲವರು ಪಿಕಪ್‌ನ ಉದ್ದ ಆಂಟೆನಾ ಬಿಚ್ಚಿ ಗೇಣುದ್ದದ್ದನ್ನು ಹಾಕಿಸುತ್ತಾರೆ. ‘ಒಳಗೆ ಕಾಯಿಲ್ ಇದೆ, ಉದ್ದವಾದರೂ ಒಂದೇ ಗಿಡ್ಡವಾದರೂ ಒಂದೇ’ ಎಂಬ ಮಾತೂ ಚಾಲ್ತಿಯಲ್ಲಿದೆ. ಇದು ನಿಜವೇ?

ಚುಟುಕು ಉತ್ತರ: ಅರ್ಧ ನಿಜ. ಹಲಸೂರು, ಇಂದಿರಾನಗರದಲ್ಲಿ ಓಡಾಡುವಾಗ ವ್ಯತ್ಯಾಸ ತಿಳಿಯದೇ ಇರಬಹುದು. ಕೆ.ಆರ್. ಪುರ ದಾಟಿ ಕೋಲಾರದ ಕಡೆ ಹೋದಂತೆ ತಿಳಿಯುತ್ತದೆ.

ಉದ್ದಕ್ಕೆ ಲೆಕ್ಕವಿದೆ

300ನ್ನು ಸ್ಟೇಷನ್ನಿನ ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ರೇಡಿಯೋ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ಬೆಂಗಳೂರಿನ ಎಫ್‌ಎಂ ರೇನ್‌ಬೋ 101.3ರಲ್ಲಿದೆ, ಅದರ ಅಲೆ ಸುಮಾರು 2.96 ಮೀಟರ್. ಇದರ ಕಾಲು ಭಾಗ, ಅಂದರೆ ಸುಮಾರು 74 ಸೆಂಟಿಮೀಟರ್ ಉದ್ದದ ಕಡ್ಡಿ ಈ ಸ್ಟೇಷನ್‌ಗೆ ಚೆನ್ನಾಗಿ ಹೊಂದುತ್ತದೆ. ಗಾಡಿಯ ಲೋಹದ ಮೈ ಆಂಟೆನಾದ ಇನ್ನರ್ಧದಂತೆ ಕೆಲಸ ಮಾಡುತ್ತದೆ.

ಗಿಡ್ಡ ಆಂಟೆನಾದೊಳಗೆ ತಂತಿಯನ್ನು ಸುರುಳಿ ಸುತ್ತಿರುತ್ತಾರೆ. ಈ ಸುರುಳಿ ಆಂಟೆನಾವನ್ನು ಸ್ಟೇಷನ್‌ಗೆ ಹೊಂದಿಸುತ್ತದೆ, ನಿಜ. ಆದರೆ ಗಿಡ್ಡ ಕಡ್ಡಿ ಗಾಳಿಯಿಂದ ಹಿಡಿಯುವ ಸಂಕೇತವೇ ಕಡಿಮೆ. ಅದರಲ್ಲೂ ಸ್ವಲ್ಪ ಸುರುಳಿಯಲ್ಲೇ ನಷ್ಟವಾಗುತ್ತದೆ.

ಹಾಗಾದರೆ ಊರಿನಲ್ಲಿ ಏಕೆ ಗೊತ್ತಾಗುವುದಿಲ್ಲ?

ನಗರದಲ್ಲಿ ಸಂಕೇತ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಸಂಕೇತ ಒಂದು ಮಟ್ಟಕ್ಕಿಂತ ಮೇಲಿರುವವರೆಗೆ ಎಫ್‌ಎಂ ಸ್ವಚ್ಛವಾಗಿ ಕೇಳುತ್ತದೆ. ಆ ಮಟ್ಟ ಇಳಿದೊಡನೆ ಗೊರಗೊರ ಶುರು. ಹೊಸಕೋಟೆ, ನರಸಾಪುರ ಎಂದು ದೂರ ಹೋದಂತೆ ಗಿಡ್ಡ ಆಂಟೆನಾ ಈ ಮಟ್ಟಕ್ಕೆ ಬೇಗ ಬಂದುಬಿಡುತ್ತದೆ.

ಎಎಂ ಕೇಳುವವರಿಗೆ ನಷ್ಟ ಇನ್ನೂ ಹೆಚ್ಚು. ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರ್. ಅದರ ಮುಂದೆ ಗಾಡಿಯ ಆಂಟೆನಾ ಎಷ್ಟಿದ್ದರೂ ಚಿಕ್ಕದೇ. ಇರುವುದನ್ನೂ ಮೊಟಕು ಮಾಡಿದರೆ ಸಂಕೇತ ಇನ್ನಷ್ಟು ಕುಗ್ಗುತ್ತದೆ. ನಗರದಾಚೆಯ ದಾರಿಯಲ್ಲಿ ಎಫ್‌ಎಂ ಕೈಕೊಟ್ಟ ಮೇಲೂ ಸುದ್ದಿ, ಹವಾಮಾನ ತಿಳಿಸಬಲ್ಲದ್ದು ಎಎಂ. ಆದ್ದರಿಂದ ರಾತ್ರಿ ಲೋಡ್ ಹೊಡೆಯುವವರು ಇದನ್ನು ಯೋಚಿಸಬೇಕು.

ಕೊಳ್ಳುವ ಮುನ್ನ

- ಹಳೆಯ ಆಂಟೆನಾ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಬುಡದ ಮರೆ, ಅಂದರೆ ಥ್ರೆಡ್, ಹೊಂದಬೇಕು.
- ಬುಡದಲ್ಲಿ ತುಕ್ಕು ಹಿಡಿದಿದ್ದರೆ ಉಜ್ಜಿ ತೆಗೆಯಿರಿ. ಅರ್ಥ್ ಸರಿಯಿಲ್ಲದಿದ್ದರೆ ಉದ್ದ ಆಂಟೆನಾ ಕೂಡ ಕೆಲಸ ಮಾಡದು.
- ಇರುವ ಆಂಟೆನಾವನ್ನು ಕತ್ತರಿಸಬೇಡಿ. ಒಳಗೆ ಸುರುಳಿಯಿದ್ದರೆ ಅದು ತುಂಡಾಗುತ್ತದೆ.
- ಮೀನಿನ ರೆಕ್ಕೆಯಂತೆ ಅಂಟಿಸುವ ಆಂಟೆನಾಗಳಲ್ಲಿ ವೈರ್ ಇಲ್ಲದವು ಬರೀ ಅಲಂಕಾರಕ್ಕೆ.
- ಬ್ಲೂಟೂತ್, ಫಾಸ್ಟ್‌ಟ್ಯಾಗ್‌ಗೂ ಈ ಕಡ್ಡಿಗೂ ಸಂಬಂಧವಿಲ್ಲ.

ಅನುಮಾನವಿದ್ದರೆ ಒಂದು ಪರೀಕ್ಷೆ ಮಾಡಿ: ಹೊಸಕೋಟೆಯಾಚೆ, ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ, ಒಂದೇ ಸ್ಟೇಷನ್ನನ್ನು ಎರಡೂ ಆಂಟೆನಾದಲ್ಲಿ ಕೇಳಿ ನೋಡಿ. ಅಲ್ಲಿ ಗಿಡ್ಡದ್ದೂ ಸ್ವಚ್ಛವಾಗಿ ಕೇಳಿಸಿದರೆ ನಿಮಗೆ ಅದೇ ಸಾಕು. ಇಲ್ಲದಿದ್ದರೆ ಕೊಂಬೆಗೆ ತಗಲಿದರೆ ಬಾಗುವ, ಮಧ್ಯಮ ಉದ್ದದ ರಬ್ಬರ್ ಆಂಟೆನಾ ಒಳ್ಳೆಯ ಆಯ್ಕೆ ಎನ್ನುತ್ತೇವೆ ನಾವು.